ಗೀರು ಹಾಕದ ಗೋಡೆ

ರವೆನ್ನಾ, ಇಟಲಿ
೪ ಜನವರಿ ೨೦೨೪

ಅಣ್ಣ,

ಫೋನಿನಲ್ಲಿ ಮಾತಾಡಿದರೆ ಎರಡನೇ ನಿಮಿಷಕ್ಕೆ ನಮಗೆ ಜಗಳವಾಗುತ್ತದೆ, ಮೂರನೇ ನಿಮಿಷಕ್ಕೆ ನೀನು ಕಟ್ ಮಾಡುತ್ತೀಯ. ಅದಕ್ಕೇ ಕಾಗದ. ಇದನ್ನೂ ನೀನು ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದದೆ ಇರಲಾರೆ. ನಿನ್ನ ಸ್ವಭಾವ ನನಗೆ ಗೊತ್ತು.

ನಮ್ಮ ಕೊಬ್ಬರಿ ಮಂಡಿಯ ನೆಲದ ವಿಷಯ ಇಲ್ಲಿ ಎತ್ತುವುದಿಲ್ಲ. ಅಮ್ಮ ಒಡೆದ ಪಿಂಗಾಣಿ ಚೂರುಗಳನ್ನು ಒಂದೊಂದಾಗಿ ಕೂರಿಸಿ ಮಾಡಿದ್ದ ಆ ನೆಲವನ್ನು ಹೋದ ವರ್ಷ ನನಗೊಂದು ಮಾತೂ ಹೇಳದೆ ಅಗೆಸಿ, ಹೊಳೆಯುವ ಟೈಲ್ಸ್ ಹಾಕಿಸಿಕೊಂಡೆಯಲ್ಲ, ಆ ವಿಷಯ. ಎತ್ತಿದೆನಲ್ಲವೇ? ಸರಿ, ಇಳಿಸಿದೆ.

ಈಗಿನದು ಶಾಲೆಯ ಗೋಡೆ. ಮಂಗಳಾ ಅತ್ತಿಗೆ ಮೊನ್ನೆ ಹೇಳಿದರು. ಇಂಜಿನಿಯರ್ ಬಂದು ಅಮ್ಮನ ಮೊಸಾಯಿಕ್ ಅಲ್ಲಲ್ಲಿ ಉಬ್ಬಿದೆ, ಮಕ್ಕಳು ಕೂರುವ ಜಾಗ, ಕೆತ್ತಿ ಹಾಕಿಸಿ ಎಂದು ಬರೆದುಕೊಟ್ಟು ಹೋದನಂತೆ. ಶಾಲಾ ಸಮಿತಿಗೆ ನೀನೇ ಅಧ್ಯಕ್ಷ. ಫೆಬ್ರವರಿ ಒಂದಕ್ಕೆ ಸಭೆ. ಅಂದರೆ ಅಮ್ಮನ ಕೈಯದು ಇನ್ನು ಉಳಿದಿರುವುದು ಅದೊಂದೇ, ಅದೂ ನಿನ್ನ ಒಂದು ಸಹಿಯ ಮೇಲೆ ನಿಂತಿದೆ.

ನಿನಗೆ ನೆನಪಿದೆಯೋ ಇಲ್ಲವೋ. ಅಮ್ಮ ಆಗ ಆ ಶಾಲೆಯ ಟೀಚರು. ಮನೆಯಿಂದ ಒಂದೊಂದು ಒಡೆದ ಸಾಮಾನು ತನ್ನಿ ಎಂದು ಅರವತ್ತೆರಡು ಮಕ್ಕಳಿಗೂ ಹೇಳಿದ್ದಳು. ಬಳೆ ಚೂರು, ಸಾಸರು, ಸೋಡಾ ಬಾಟಲಿಯ ತಳ, ತೆಂಗಿನ ಚಿಪ್ಪು, ಕನ್ನಡಿ, ಏನೇನೋ ಬಂದವು. ಮೂರನೇ ಕ್ಲಾಸಿನ ನಾನು ಹಸಿರು ಬಳೆ ಕೊಟ್ಟೆ. ಏಳನೇ ಕ್ಲಾಸಿನ ನೀನು ಅಪ್ಪನ ಟಾರ್ಚಿನ ಗಾಜನ್ನೇ ಕಿತ್ತು ಕೊಟ್ಟು ಒದೆ ತಿಂದೆ. ಸೂರ್ಯನ ನಡುವೆ ಇರುವುದು ಅದೇ ಗಾಜು. ಕೆಳಗೆ ತೆಂಗಿನ ತೋಟ, ಕೆರೆ, ನವಿಲು.

ಇಲ್ಲಿ ನಾನು ದಿನಾ ಹೋಗಿ ಬರುವ ದಾರಿಯಲ್ಲಿ ಸಾವಿರದ ಐನೂರು ವರ್ಷದ ಹಿಂದಿನ ಒಂದು ಸಣ್ಣ ಕಟ್ಟಡವಿದೆ. ಹೊರಗಿನಿಂದ ನೋಡಿದರೆ ನಮ್ಮ ಪಂಪ್‌ಹೌಸು. ಒಳಗೆ ಹೋಗಿ ತಲೆ ಎತ್ತಿದರೆ ಕಡು ನೀಲಿ ಗಾಜಿನ ಚೂರುಗಳ ಆಕಾಶ, ಅದರ ತುಂಬ ಚಿನ್ನದ ನಕ್ಷತ್ರ. ಚೂರುಗಳನ್ನು ಒಂದೇ ಸಮ ಕೂರಿಸಿಲ್ಲ, ಒಂದೊಂದನ್ನು ಒಂದೊಂದು ಕಡೆಗೆ ಸ್ವಲ್ಪ ವಾರೆ ಮಾಡಿದ್ದಾರೆ. ನಾವು ನಡೆದರೆ ಬೆಳಕೂ ನಡೆಯುತ್ತದೆ. ಅಮ್ಮನೂ ಹಾಗೇ ವಾರೆ ಮಾಡಿ ಕೂರಿಸುತ್ತಿದ್ದಳು. ಅವಳಿಗೆ ಇದನ್ನು ಯಾರು ಹೇಳಿಕೊಟ್ಟಿದ್ದರು ಎಂದು ಅಲ್ಲಿ ನಿಂತು ಅತ್ತುಬಿಟ್ಟೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಗೋಡೆಯ ಮೇಲೆ ಗೇಣಿಗೊಂದರಂತೆ ಬೆರಳ ಗೆಣ್ಣಿನಿಂದ ತಟ್ಟು. ಇಲ್ಲಿ ಹಳೆಯ ಮೊಸಾಯಿಕ್ ರಿಪೇರಿಗೆ ಮುಂಚೆ ನಾವು ಮಾಡುವುದೂ ಅದನ್ನೇ. ಗೋಡೆಯ ಆರೋಗ್ಯ ಸದ್ದಿನಲ್ಲೇ ಗೊತ್ತಾಗುತ್ತದೆ. ಒಳ್ಳೆಯ ಸದ್ದು ಬಂದ ಕಡೆ ಸುಣ್ಣದ ಚುಕ್ಕೆ ಇಡು, ಕೆಟ್ಟ ಸದ್ದಿಗೆ ಕೆಮ್ಮಣ್ಣಿನ ಚುಕ್ಕೆ. ಯಾವುದು ಒಳ್ಳೆಯ ಸದ್ದು ಎಂದು ನಿನಗೆ ನಾನು ಹೇಳಿಕೊಡಬೇಕೆ? ಕಾಯಿ ತಟ್ಟಿ ತಟ್ಟಿಯೇ ನಿನ್ನ ಕಿವಿ ಹಣ್ಣಾಗಿದೆ. ಬಿಳಿ ಹೆಚ್ಚಿದ್ದರೆ ಗೋಡೆ ಉಳಿಯುತ್ತದೆ. ಕೆಂಪು ಹೆಚ್ಚಿದ್ದರೆ ನಾನೇ ಕೆತ್ತಿಸು ಎನ್ನುತ್ತೇನೆ, ಜಗಳ ಮಾಡುವುದಿಲ್ಲ.

ಜೀವಿತಾ


ಕಿಬ್ಬನಹಳ್ಳಿ ಕ್ರಾಸ್
೨೨ ಜನವರಿ ೨೦೨೪

ಜೀವಿತಾ,

ಕಾಗದ ಹರಿಯಲಿಲ್ಲ. ಮಂಗಳಾ ಎತ್ತಿಟ್ಟುಕೊಂಡಿದ್ದಾಳೆ.

ನಿನ್ನೆ ಭಾನುವಾರ ಊರಿಗೆ ಹೋಗಿ ಗೋಡೆ ತಟ್ಟಿದೆ. ಬೆಳಿಗ್ಗೆ ಎಂಟಕ್ಕೆ ಹತ್ತಿದವನು ಇಳಿದದ್ದು ಊಟದ ಹೊತ್ತಿಗೆ. ಕುರ್ಚಿಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ನಾನು. ಹೆಡ್ ಮೇಡಂ ಮೀನಾಕ್ಷಮ್ಮ ಕೆಳಗೆ ನಿಂತು, "ಅಧ್ಯಕ್ಷರೇ, ಬಿದ್ಗಿದ್ದೀರಿ" ಅಂತ ಹೇಳುತ್ತಲೇ ಇದ್ದರು. ಊರಿನ ಅರ್ಧ ಜನ ನೋಡಲು ಬಂದಿದ್ದರು. ಗೋಡೆಗೆ ಡಾಕ್ಟರ್ ಬಂದವನೆ ಎಂದು ನಗಾಡಿದರು. ನಗಲಿ.

ಒಟ್ಟು ಇನ್ನೂರ ಹನ್ನೆರಡು ಚುಕ್ಕೆ. ಅದರಲ್ಲಿ ನೂರ ತೊಂಬತ್ತು ಬಿಳಿ. ಕೆಂಪು ಇಪ್ಪತ್ತೆರಡೇ, ಅದೂ ಎಲ್ಲ ಕೆಳಗಿನ ಅಂಚಿನಲ್ಲಿ, ನವಿಲಿನ ಕಾಲಿನ ಆಸುಪಾಸು. ಮೇಲೆಲ್ಲ ಎಷ್ಟು ಒಳ್ಳೆಯ ಸದ್ದು ಎಂದರೆ, ಈ ವರ್ಷ ನಮ್ಮ ಕಾಯಿ ಅಟ್ಟದಲ್ಲೂ ಅಂಥದ್ದು ಕೇಳಿಲ್ಲ. ಸೂರ್ಯನ ಹತ್ತಿರವಂತೂ ತಟ್ಟಿ ತಟ್ಟಿ ಕೇಳಿದೆ. ಇಂಜಿನಿಯರಿಗೆ ಕಿವಿ ಇಲ್ಲ, ಪೆನ್ನು ಮಾತ್ರ ಇದೆ.

ಗೋಡೆ ಉಳಿಸುತ್ತೇನೆ. ನೀನು ಹೇಳಿದೆ ಎಂದಲ್ಲ. ಟಾರ್ಚಿನ ಗಾಜು ನನ್ನದು ಎಂದು.

ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಶಾಲಾ ವಾರ್ಷಿಕೋತ್ಸವ. ಆ ಗೋಡೆಗೇ ಬೆನ್ನು ಕೊಟ್ಟು ಸ್ಟೇಜು ಹಾಕಿಸುತ್ತೇನೆ. ನೋಡಿದವರು ನೋಡಲಿ. ಪುಟ್ಟಿಯದು ನವಿಲಿನ ಕುಣಿತ. ದಿನಾ ಮನೆಯಲ್ಲಿ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಕುಣಿದುಕೊಂಡೇ ಓಡಾಡುತ್ತಾಳೆ. ಅಮ್ಮ ಮಾಡಿದ ನವಿಲಿನ ಮುಂದೆ ಮೊಮ್ಮಗಳು ಕುಣಿಯಬೇಕು ಎಂಬುದು ನನ್ನ ಆಸೆ. ಇದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಹೇಳಿಬಿಟ್ಟೆ.

ಮಂಡಿಯ ನೆಲದ ವಿಷಯಕ್ಕೆ ನಾನೂ ಬರುವುದಿಲ್ಲ.

ಮಹಾಂತೇಶ್


ಕಿಬ್ಬನಹಳ್ಳಿ ಕ್ರಾಸ್
೩ ಫೆಬ್ರವರಿ ೨೦೨೪

ಜೀವಿತಾ,

ಸಭೆ ಆಯಿತು. ಇಂಜಿನಿಯರ್ ಬಂದಿದ್ದ. ಚುಕ್ಕೆಗಳನ್ನು ನೋಡಿ, ಇದೇನು ಮದುವೆ ಮನೆ ರಂಗೋಲಿಯೇ ಎಂದ. ಇಟಲಿಯಲ್ಲಿ ಇದೇ ಕೆಲಸ ಕಲಿತ ನನ್ನ ತಂಗಿ ಹೇಳಿದ ಕ್ರಮ ಎಂದೆ. ನಿನ್ನ ಕಾಗದ ಓದಿ ಹೇಳಿದೆ, ಜಗಳದ ಸಾಲು ಬಿಟ್ಟು. ಕೊನೆಗೆ ಆತ, ಹಾಗಾದರೆ ಏನೇ ಆದರೂ ನಿಮ್ಮದೇ ಜವಾಬ್ದಾರಿ ಎಂದು ಬರೆದುಕೊಡಿ ಎಂದ. ಬರೆದುಕೊಟ್ಟೆ.

ಸಹಿ ಮಾಡುವ ಮುಂಚೆ ಬರೆದದ್ದನ್ನು ಎರಡು ಸಲ ಓದಿದೆ. ಎಪ್ಪತ್ತು ಮಕ್ಕಳು ಕೂರುವ ಜಾಗ. ಆದರೆ ನೀನಿದ್ದೀಯಲ್ಲ, ಗೊತ್ತಿರುವವಳು. ತಿಪಟೂರಿನಿಂದ ದೊಡ್ಡ ಸ್ಪೀಕರ್ ಸೆಟ್ ಹೇಳಿದ್ದೇನೆ.

ಮಹಾಂತೇಶ್


ರವೆನ್ನಾ
೯ ಫೆಬ್ರವರಿ ೨೦೨೪

ಅಣ್ಣ,

ನಿನ್ನ ಇಪ್ಪತ್ತೆರಡನೇ ತಾರೀಕಿನ ಕಾಗದ ಬಂತು. ನೂರ ತೊಂಬತ್ತು ಬಿಳಿ! ಓದಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಕೆಳಗಿನ ಅಂಚು ಕೆಟ್ಟಿರುವುದು ಸಹಜ, ನೆಲದ ತೇವ ಏರುವುದು ಅಲ್ಲಿಂದಲೇ. ಬೇಸಿಗೆಯಲ್ಲಿ ನಾನು ಬಂದಾಗ ಆ ಇಪ್ಪತ್ತೆರಡು ಕಡೆ ಇಂಜೆಕ್ಷನ್ ಸೂಜಿಯಲ್ಲಿ ಸುಣ್ಣದ ಗಾರೆ ತುಂಬೋಣ. ಇಂಜಿನಿಯರಿಗೆ ಕಿವಿ ಇಲ್ಲ ಎಂದದ್ದು ನನ್ನ ಟೀಚರ್ ಲೂಚಿಯಾಗೆ ಹೇಳಿದೆ. ನಕ್ಕಳು. ಅವಳು ನಗುವುದು ಅಪರೂಪ.

ರೋಮಿನಲ್ಲಿ ಒಂದು ಹಳೆಯ ನೆಲ ನೋಡಿ ಬಂದೆ. ಯಾರೋ ಸಿರಿವಂತ ತನ್ನ ಊಟದ ಮನೆಗೆ ಮಾಡಿಸಿದ್ದು. ಅದರಲ್ಲಿ ದೇವರಿಲ್ಲ, ರಾಜನಿಲ್ಲ. ಉಂಡವರು ಕೆಳಗೆ ಬಿಸಾಡಿದ ಮೀನಿನ ಮುಳ್ಳು, ಚಿಪ್ಪು, ಹಣ್ಣಿನ ಸಿಪ್ಪೆ, ಕಾಯಿ ಕಡಿಯುತ್ತಿರುವ ಒಂದು ಇಲಿ, ಇಷ್ಟೇ, ಎಲ್ಲವೂ ಸಣ್ಣ ಸಣ್ಣ ಕಲ್ಲಿನಲ್ಲಿ. ಗುಡಿಸದೆ ಬಿಟ್ಟ ನೆಲದ ಹಾಗೆ. ನಮ್ಮ ಮಂಡಿಯನ್ನು ಸಂಜೆ ನೋಡಿದ ಹಾಗಾಯಿತು. ಚಂಡೀಗಢದಲ್ಲಿ ಬಳೆ ಚೂರಿನಿಂದಲೇ ಒಂದು ತೋಟ ತುಂಬ ಗೊಂಬೆಗಳನ್ನು ಮಾಡಿದ್ದಾರಲ್ಲ, ಅದನ್ನೂ ನಿನಗೆ ಒಂದು ಸಲ ತೋರಿಸಬೇಕು.

ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಇದೆ. ಹಳೆಯ ಚರ್ಚಿನ ಮೊಸಾಯಿಕ್ ರಿಪೇರಿ ಮಾಡುವಾಗ ಅದರ ಅಡಿಯ ಗಾರೆಯ ಮೇಲೆ ಮೊದಲು ಬರೆದುಕೊಂಡ ಚಿತ್ರ ಸಿಕ್ಕಿತಂತೆ. ಮೇಲೆ ಇರುವುದೇ ಬೇರೆ, ಕೆಳಗೆ ಬರೆದದ್ದೇ ಬೇರೆ. ಸಾವಿರಕ್ಕೂ ಹೆಚ್ಚು ವರ್ಷ ಯಾರೂ ನೋಡಿರಲಿಲ್ಲ. ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ.

ಪುಟ್ಟಿ ಕುಣಿಯುವುದನ್ನು ವಿಡಿಯೊ ಮಾಡಿ ಕಳಿಸು.

ಜೀವಿತಾ


ರವೆನ್ನಾ
೨೦ ಫೆಬ್ರವರಿ ೨೦೨೪

ಅಣ್ಣ, ಗೋಡೆಯ ಹತ್ತಿರ ಯಾರನ್ನೂ ಬಿಡಬೇಡ. ಮೊದಲು ಇದನ್ನು ಮಾಡು, ಆಮೇಲೆ ಉಳಿದದ್ದು ಓದು.

ನಿನ್ನೆಯಿಂದ ಹನ್ನೊಂದು ಸಲ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ನೀನು ಎತ್ತುವುದಿಲ್ಲ. ಅತ್ತಿಗೆ ದಬ್ಬೇಘಟ್ಟದಲ್ಲಿ ತವರುಮನೆಯಲ್ಲಿದ್ದಾರಂತೆ, ಅವರ ಫೋನ್ ಸ್ವಿಚ್ ಆಫ್. ಮೀನಾಕ್ಷಮ್ಮನವರು ಸಿಕ್ಕಿದರು. ನಿಮ್ಮ ಮಾತಿನ ಮೇಲೇ ಅಧ್ಯಕ್ಷರು ಬರೆದುಕೊಟ್ಟಿದ್ದಾರೆ, ಈಗ ನೀವೇ ಬೇಡ ಎಂದರೆ ಹೇಗೆ, ಅವರೇ ಹೇಳಲಿ ಎಂದರು. ಈ ಕಾಗದದ ಫೋಟೊ ತೆಗೆದು ನಿನಗೂ ಅವರಿಗೂ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಹೆಸರಿನ ಮುಂದೆ ಎರಡು ನೀಲಿ ಗೆರೆ ಬರುವವರೆಗೆ ನಾನು ನಿದ್ದೆ ಮಾಡುವುದಿಲ್ಲ.

ಇಲ್ಲಿಯವರೆಗೆ ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ನಾನು ಇಲ್ಲಿ ಎರಡು ವರ್ಷದಿಂದ ಚೂರು ತೊಳೆಯುತ್ತಿದ್ದೇನೆ. ಹಲ್ಲುಜ್ಜುವ ಬ್ರಷ್ಷಿನಲ್ಲಿ. ಗೋಡೆ ತಟ್ಟಲು ನನ್ನನ್ನು ಬಿಟ್ಟೇ ಇರಲಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ನಿನಗೆ ದೊಡ್ಡದಾಗಿ ಬರೆದೆ. ನಿನ್ನ ಮುಂದೆ ಚಿಕ್ಕವಳಾಗಬಾರದು ಎಂಬ ಹಟ.

ನಿನ್ನೆ ಮೊದಲ ಸಲ ಲೂಚಿಯಾ ನನ್ನ ಕೈಯನ್ನು ಗೋಡೆಯ ಮೇಲಿಟ್ಟು ತಟ್ಟು ಎಂದಳು. ತಟ್ಟಿದೆ. ಸದ್ದು ಬಂತು ಅಣ್ಣ, ನಮ್ಮ ಅಟ್ಟದ ಸದ್ದು. ವರ್ಷಗಟ್ಟಲೆ ಅಟ್ಟದಲ್ಲಿ ಒಣಗಿ, ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಕಾಯಿಯನ್ನು ತಟ್ಟಿದರೆ ಬರುತ್ತದಲ್ಲ, ಅದೇ ಟೊಳ್ಳು ಸದ್ದು. ನನಗೆ ಊರಿಗೆ ಹೋದ ಹಾಗಾಯಿತು. ನಗುತ್ತಾ, ಇದು ತುಂಬ ಚೆನ್ನಾಗಿದೆ ಎಂದೆ. ಲೂಚಿಯಾ ನನ್ನ ಮುಖ ನೋಡಿದಳು. ಇದು ಸತ್ತ ಜಾಗ, ಹಿಂದೆ ಗಾರೆ ಬಿಟ್ಟುಕೊಂಡಿದೆ, ಯಾವ ಕ್ಷಣದಲ್ಲಾದರೂ ಉದುರುತ್ತದೆ ಎಂದಳು. ಪಕ್ಕದಲ್ಲಿ ತಟ್ಟಿಸಿದಳು. ಮಂದವಾಗಿ, ಹಸಿ ಕಾಯಿ ತಟ್ಟಿದ ಹಾಗೆ ಕೇಳಿಸಿತು. ಅದು ಗಟ್ಟಿ ಜಾಗವಂತೆ.

ಆ ಕ್ಷಣ ನಿನ್ನ ಚುಕ್ಕೆಗಳು ನೆನಪಾದವು. ಕಾಯಿಯೊಳಗೆ ಬಿಟ್ಟುಕೊಂಡರೆ ನಮಗೆ ಸಂತೋಷ. ಗೋಡೆಯೊಳಗೆ ಬಿಟ್ಟುಕೊಂಡರೆ ಅದು ಸಾವು. ನಮ್ಮ ಅಟ್ಟದ ಸದ್ದು ಎಂದು ನಿನ್ನ ಕಾಗದದಲ್ಲೇ ಇತ್ತು, ನಾನು ತಮಾಷೆ ಎಂದು ನಕ್ಕುಬಿಟ್ಟೆ. ನೀನು ಸುಣ್ಣ ಇಟ್ಟ ನೂರ ತೊಂಬತ್ತು ಕಡೆಯೂ ಕೆಂಪು. ಕೆಂಪಿಟ್ಟ ಇಪ್ಪತ್ತೆರಡು ಮಾತ್ರ ಗಟ್ಟಿ. ಅಷ್ಟು ದೊಡ್ಡ ಗೋಡೆಯ ಮೊಸಾಯಿಕ್ ನವಿಲಿನ ಕಾಲಿನ ಮೇಲೆ ನಿಂತಿದೆ.

ತಪ್ಪು ನಿನ್ನದಲ್ಲ. ಕಲಿಯದೆ ಕಲಿಸಲು ಹೋದವಳು ನಾನು. ನೀನು ನನ್ನನ್ನು ಎಷ್ಟಾದರೂ ಬೈಯಿ. ಇಪ್ಪತ್ತನಾಲ್ಕರಂದು ಆ ಗೋಡೆಯ ಕೆಳಗೆ ಪುಟ್ಟಿಯನ್ನು ನಿಲ್ಲಿಸಬೇಡ.

ಜೀವಿತಾ


ಕಿಬ್ಬನಹಳ್ಳಿ ಕ್ರಾಸ್
೨೭ ಫೆಬ್ರವರಿ ೨೦೨೪

ಜೀವಿತಾ,

ಅಕ್ಷರ ಬೇರೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಮಂಗಳಾ ಬರೆಯುತ್ತಿದ್ದಾಳೆ. ಬಲಗೈಗೆ ಪ್ಲಾಸ್ಟರ್. ಮಕ್ಕಳಿಗೆ ಯಾರಿಗೂ ಏನೂ ಆಗಿಲ್ಲ. ಶನಿವಾರ ಫೋನಿನಲ್ಲಿ ಮಂಗಳಾ ನಿನಗೆ ಹೇಳಿದ್ದು ಇಷ್ಟೇ. ಉಳಿದದ್ದು ಈಗ ಹೇಳುತ್ತೇನೆ.

ನೀನು ಹನ್ನೊಂದು ಸಲ ಮಾಡಿದ್ದು ನೋಡಿದೆ. ಒಂದೊಂದು ಸಲವೂ ನಿನ್ನ ಹೆಸರು ನೋಡಿ ಫೋನು ಮಗುಚಿಟ್ಟೆ. ಯಾರಾದರೂ ಮಂಡಿಯ ನೆಲದ ಫೋಟೊ ಕಳಿಸಿರಬೇಕು, ಮತ್ತೆ ಶುರು ಮಾಡುತ್ತಾಳೆ ಅಂದುಕೊಂಡೆ. ಆಮೇಲೆ ಡ್ರಾಯರಿನೊಳಗೆ ಹಾಕಿಬಿಟ್ಟೆ. ಗುರುವಾರ ಮೀನಾಕ್ಷಮ್ಮ ಮಂಡಿಗೆ ಹೇಳಿ ಕಳಿಸಿದಾಗಲೂ, ಅಲ್ಲಿ ಕೂತು ಇಲ್ಲಿಯ ಗೋಡೆಗೆ ಜ್ಯೋತಿಷ್ಯ ಹೇಳುತ್ತಾಳೆ ಎಂದು ರೇಗಿದೆ. ಸಹಿ ಮಾಡಿದವನು ನಾನು. ಎಲ್ಲರೆದುರಿಗೆ ಹಿಂದೆ ಸರಿಯುವುದು ಹೇಗೆ?

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಹೆಣ್ಣುಮಗಳು ಕಾರ್ಯಕ್ರಮದ ಕೆಲಸವನ್ನೆಲ್ಲ ಬಿಟ್ಟು ಬಸ್ಸಿನಲ್ಲಿ ಮಂಡಿಗೇ ಬಂದರು. ನಾನು ಅಟ್ಟದ ಮೇಲೆ ಕಾಯಿ ಆರಿಸುತ್ತಿದ್ದೆ. ಏಣಿಯ ಕೆಳಗೆ ನಿಂತು, "ನೀವು ಇಳೀಬ್ಯಾಡಿ, ನಾನು ಓದ್ತೀನಿ, ಅಲ್ಲೇ ಕೇಳಿ" ಎಂದರು. ನಿನ್ನ ಕಾಗದ ಓದಿದರು. ನಮ್ಮ ಅಟ್ಟದ ಸದ್ದು ಎಂಬಲ್ಲಿಗೆ ಬಂದಾಗ ನನ್ನ ಕೈಯಲ್ಲಿ ಒಂದು ಕಾಯಿ ಇತ್ತು. ತಟ್ಟಿದೆ. ಸೂರ್ಯನ ಹತ್ತಿರ ಕೇಳಿದ್ದ ಅದೇ ಸದ್ದು. ಏಣಿ ಹೇಗೆ ಇಳಿದೆನೋ ಗೊತ್ತಿಲ್ಲ.

ಸಿಕ್ಕಿದ ಗೂಡ್ಸ್ ಆಟೋಗೆ ತೆಂಗಿನ ನಾರಿನ ಮೂಟೆಗಳನ್ನೆಲ್ಲ ಹೇರಿಕೊಂಡು ಹೋದೆ. ಗೋಡೆ ಬಿದ್ದರೂ ಮೆತ್ತಗಿನದರ ಮೇಲೆ ಬೀಳಲಿ ಎಂದು. ಸ್ಟೇಜಿನ ಮೇಲೆ ಮಕ್ಕಳು ರಿಹರ್ಸಲ್ ಮಾಡುತ್ತಿದ್ದರು. ಪುಟ್ಟಿ ಗರಿ ಕಟ್ಟಿಕೊಂಡು ಅಮ್ಮನ ನವಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕೂಗಿದರೆ ಹೆದರಿ ಅಲ್ಲೇ ನಿಂತುಬಿಡುತ್ತಾರೆ ಎಂದು ಕೂಗಲಿಲ್ಲ. ಹುಣಸೆಮರದ ಹತ್ತಿರ ಐಸ್‌ಕ್ಯಾಂಡಿ ಬಂದಿದೆ ಎಂದೆ. ಎಪ್ಪತ್ತು ಜನವೂ ಓಡಿದರು. ಪುಟ್ಟಿಯೊಬ್ಬಳೇ ಗರಿ ಬಾಗುತ್ತದೆ ಎಂದು ನಿಧಾನವಾಗಿ ಇಳಿದಳು. ನಾಲ್ಕೇ ಮೆಟ್ಟಿಲು, ಒಂದೊಂದನ್ನೂ ಎಣಿಸಿದೆ.

ಮೂಟೆಗಳನ್ನು ಗೋಡೆಯ ಬುಡಕ್ಕೆ ಒಟ್ಟುತ್ತಿದ್ದೆವು. ಕೊನೆಯ ಮೂಟೆ ನನ್ನ ಕೈಯಲ್ಲಿತ್ತು. ಸ್ಪೀಕರಿನವನಿಗೆ ವಿಷಯ ಗೊತ್ತಿಲ್ಲ, ಟೆಸ್ಟಿಂಗಿಗೆ ಹಾಡು ಹಾಕಿದ. ಮೊದಲು ಟಾರ್ಚಿನ ಗಾಜು ಬಿತ್ತು. ಆಮೇಲೆ ಸೂರ್ಯ, ಗರಿ, ತೋಟ, ಕೆರೆ, ಎಲ್ಲವೂ ಒಂದೇ ಹಾಳೆಯ ಹಾಗೆ ಕಳಚಿ ಬಂತು. ಕೈ ಅಡಿಗೆ ಸಿಕ್ಕಿತು. ನವಿಲಿನ ಕಾಲು ಮಾತ್ರ ಗೋಡೆಯ ಮೇಲೆ ಹಾಗೇ ಇದೆ, ನನ್ನ ಕೆಂಪು ಚುಕ್ಕೆಗಳ ಸಮೇತ.

(ಜೀವಿತಾ, ಮಂಗಳಾ ಬರೆಯುತ್ತಿದ್ದೇನೆ. ಇವರು ಇದನ್ನು ಹೇಳುವುದಿಲ್ಲ. ಮಂಡಿಯ ನೆಲ ಅಗೆಸಿದ್ದು ಟೈಲ್ಸಿನ ಆಸೆಗಲ್ಲ. ಕೂಲಿಯವರೊಬ್ಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಗೆದ ಒಂದೊಂದು ಚೂರನ್ನೂ ಮೂರು ಮೂಟೆ ಮಾಡಿ ಅಟ್ಟದ ಮೂಲೆಯಲ್ಲಿ ಇಟ್ಟಿದ್ದಾರೆ. ನಿನಗೆ ಹೇಳಿ ಎಂದರೆ, ಅವಳಾಗಿ ಕೇಳಲಿ ಎನ್ನುತ್ತಿದ್ದರು.)

ಅವಳು ಏನು ಬರೆದುಕೊಂಡಳೋ, ನನಗೆ ತೋರಿಸಲಿಲ್ಲ. ಇರಲಿ.

ಮುಖ್ಯ ವಿಷಯ ಈಗ. ನಿನ್ನೆ ನಮ್ಮ ಮೇಸ್ತ್ರಿ ಶ್ರೀರಂಗಯ್ಯನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮನ ಜೊತೆ ಗೋಡೆ ಕಟ್ಟಿದ್ದು ಅವನೇ. ಚೂರುಗಳು ನಾರಿನ ಮೇಲೆ ಬಿದ್ದದ್ದರಿಂದ ಮುಕ್ಕಾಲು ಪಾಲು ಉಳಿದಿವೆ. ಆದರೆ ನಾವು ನೋಡಿದ್ದು ಚೂರುಗಳನ್ನಲ್ಲ, ಗೋಡೆಯನ್ನು. ನೀನು ಮ್ಯೂಸಿಯಮ್ಮಿನಲ್ಲಿ ಕಂಡೆ ಎಂದೆಯಲ್ಲ, ಹಾಗೆ ಅಡಿಯ ಗಾರೆಯ ಮೇಲೆ ಅಮ್ಮ ಇದ್ದಿಲಿನಲ್ಲಿ ಬರೆದಿದ್ದಾಳೆ. ಚಿತ್ರವಲ್ಲ, ಹೆಸರುಗಳು. ಅರವತ್ತೆರಡೂ. ಯಾರ ಚೂರು ಎಲ್ಲಿ ಕೂರಬೇಕೋ ಅಲ್ಲಿ ಅವರ ಹೆಸರು, ತಂದ ಸಾಮಾನು. ಜೀವಿತಾ, ಮೂರನೇ ತರಗತಿ, ಹಸಿರು ಬಳೆ. ಮಹಾಂತೇಶ, ಏಳನೇ ತರಗತಿ, ಟಾರ್ಚಿನ ಗಾಜು. ಅಮ್ಮನ ಅದೇ ದುಂಡು ಅಕ್ಷರ. ನಿನ್ನೆ ಬರೆದ ಹಾಗಿದೆ.

ಶ್ರೀರಂಗಯ್ಯ ಗೋಡೆ ಸವರಿ ನೋಡಿ ತಲೆ ಅಲ್ಲಾಡಿಸಿದ. "ಮೇಲಿನ ಗಾರೆ ಕಚ್ಕಬೇಕು ಅಂದ್ರೆ ಕೆಳಗಿಂದಕ್ಕೆ ಗೀರು ಹಾಕ್ಬೇಕು ಕಣಪ್ಪ. ಕಾಲಿನ ತಾವ ಹಾಕಿವ್ನಿ, ಅದ್ಕೇ ಅದು ನಿಂತೈತೆ. ಮ್ಯಾಲೆ ಗೀರಕ್ಕೆ ಹೋದ್ರೆ ಟೀಚರಮ್ಮ ಕೈ ಹಿಡ್ಕಂಡ್ರು. ಮಕ್ಕಳ ಹೆಸ್ರಿನ ಮೇಲೆ ಗೀರು ಹಾಕ್ಬ್ಯಾಡ ಶ್ರೀರಂಗಯ್ಯ, ನಿಂತಷ್ಟು ದಿನ ನಿಲ್ಲಲಿ ಅಂದ್ರು" ಎಂದ.

ಗೋಡೆ ಟೊಳ್ಳಾದದ್ದು ತೇವದಿಂದಲ್ಲ, ಹಳೆಯದಾಗಿ ಅಲ್ಲ. ಅಮ್ಮನಿಗೆ ಗೊತ್ತಿದ್ದೇ ಹಾಗೆ ಬಿಟ್ಟಳು. ಆ ಹೆಸರುಗಳು ಇಪ್ಪತ್ತೆಂಟು ವರ್ಷ ನಾನು ಬಿಳಿ ಚುಕ್ಕೆ ಇಟ್ಟ ಚೂರುಗಳ ಹಿಂದೆಯೇ ಇದ್ದವು.

ಊರಿನವರು ಮತ್ತೆ ಕೂರಿಸಿ ಎನ್ನುತ್ತಿದ್ದಾರೆ. ಶ್ರೀರಂಗಯ್ಯ ಗುರುವಾರ ಉಳಿ ತೆಗೆದುಕೊಂಡು ಬರುತ್ತಾನೆ. ಗೀರು ಹಾಕಿದರೆ ಮೊಸಾಯಿಕ್ ನಿಲ್ಲುತ್ತದೆ, ಹೆಸರು ಹೋಗುತ್ತವೆ. ಹಾಕದಿದ್ದರೆ ಮತ್ತೆ ಯಾವುದೋ ಮಗುವಿನ ತಲೆಯ ಮೇಲೆ. ಮಂಡಿಯ ನೆಲದ ವಿಷಯದಲ್ಲಿ ನಾನೊಬ್ಬನೇ ತೀರ್ಮಾನ ಮಾಡಿದೆ. ಇದನ್ನು ಒಬ್ಬನೇ ಮಾಡಲಾರೆ.

ಮಂಗಳಾ ಇದರ ಫೋಟೊ ತೆಗೆದು ಈಗಲೇ ಕಳಿಸುತ್ತಾಳೆ. ಓದಿದ ಮೇಲೆ ಕಾಗದ ಬರೆಯಲು ಕೂರಬೇಡ, ಫೋನ್ ಮಾಡು. ಜಗಳವಾದರೂ ಆಗಲಿ. ಎಡಗೈಯಲ್ಲಿ ಎತ್ತುತ್ತೇನೆ.

ಮಹಾಂತೇಶ್